ಬೀಗರು ಬರುವ ದಿನದ ನೂಲು

ಮೇಸ್ತ್ರಿಯನ್ನು ಹರಿಹರದಲ್ಲಿ ಮಣ್ಣು ಮಾಡಿ ಬಂದು ಎರಡು ವಾರವಾಯಿತು. ಬೆಳಿಗ್ಗೆ ದಾವಣಗೆರೆಗೆ ಹೋಗುವ ರೈಲಿನಲ್ಲಿ ಅವರು ಕೂರುತ್ತಿದ್ದ ಕಿಟಕಿ ಪಕ್ಕದ ಜಾಗದಲ್ಲಿ ಈಗ ಯಾರು ಯಾರೋ ಕೂರುತ್ತಾರೆ. ಕೂತವರ ತಪ್ಪೇನೂ ಇಲ್ಲ, ಟಿಕೆಟ್ಟು ತೆಗೆದುಕೊಂಡಿರುತ್ತಾರೆ. ಆದರೂ ನನಗೆ ಸಿಟ್ಟು ಬರುತ್ತದೆ. ವಯಸ್ಸಾಗುತ್ತಾ ಬಂದಂತೆ ನನಗೆ ಸಿಟ್ಟು ಜಾಸ್ತಿ, ಅದೂ ತಪ್ಪಿಲ್ಲದವರ ಮೇಲೆಯೇ ಜಾಸ್ತಿ.

ಅವರ ಹೆಸರು ಬರೆಯುವುದಿಲ್ಲ. ಮಿಲ್ಲಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಮಗ್ಗಗಳನ್ನೂ ನೇಕಾರರನ್ನೂ ನೋಡಿಕೊಳ್ಳುವ ಕೆಲಸ; ಕಾಗದದಲ್ಲಿ ಮಗ್ಗದ ಶೆಡ್ಡಿನ ಜಾಬರ್, ಜನರ ಬಾಯಲ್ಲಿ ಮೇಸ್ತ್ರಿ. ಹೆಸರು ಬರೆಯದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅವರದು ಬರೆದರೆ ನನ್ನದನ್ನೂ ಬರೆಯಬೇಕಾಗುತ್ತದೆ.

ನಾನು ಅದೇ ಮಿಲ್ಲಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದವನು. ಇಬ್ಬರ ಮನೆಯೂ ಹರಿಹರದಲ್ಲಿ. ದಿನವೂ ಒಂದೇ ರೈಲು, ಒಂದೇ ಡಬ್ಬಿ. ಶೆಡ್ಡಿನ ಜನಕ್ಕೂ ಆಫೀಸಿನ ಜನಕ್ಕೂ ಮಿಲ್ಲಿನೊಳಗೆ ಮಾತುಕತೆ ಕಡಿಮೆ. ನಾವು ಮೇಜಿನವರು, ಅವರು ಮಗ್ಗದವರು. ರೈಲಿನಲ್ಲಿ ಮಾತ್ರ ಅದೆಲ್ಲ ನಡೆಯುತ್ತಿರಲಿಲ್ಲ. ನನ್ನನ್ನು ಕಂಡ ಮೊದಲ ದಿನವೇ ಮೇಸ್ತ್ರಿ, “ಏನ್ರಿ ಟೈಪಿನೋರೇ, ಹತ್ತು ಬೆರಳಾಗೂ ಕೆಲಸ ಮಾಡ್ತೀರೋ, ಎಂಟು ಬೆರಳು ಸಂಬಳ ತಿಂತಾವೋ?” ಎಂದು ಇಡೀ ಡಬ್ಬಿಗೆ ಕೇಳುವಂತೆ ಕೂಗಿದರು. ಎರಡೇ ಬೆರಳಲ್ಲಿ ಹೊಡೆಯುತ್ತೇನೆ ಎಂದು ಇವರಿಗೆ ಯಾರು ಹೇಳಿದರೋ ಎಂದು ನಾನು ಗಾಬರಿಯಾದೆ. ಆಮೇಲೆ ಗೊತ್ತಾಯಿತು, ಯಾರೂ ಹೇಳಿರಲಿಲ್ಲ. ನನ್ನ ಎರಡು ಬೆರಳಿನ ತುದಿ ಮಾತ್ರ ಚಪ್ಪಟೆಯಾಗಿದ್ದುದನ್ನು ಅವರು ನೋಡಿದ್ದರು. ಮನುಷ್ಯರನ್ನು ಕೈಯಿಂದ ಮೇಲಕ್ಕೆ ನೋಡುವುದು ಅವರ ರೂಢಿ.

ಎತ್ತರದ ಆಳು, ತುಸು ಬಾಗಿದ ಬೆನ್ನು, ಕಿವಿಯ ಕೂದಲಲ್ಲಿ ಯಾವಾಗಲೂ ಹತ್ತಿಯ ಧೂಳು. ಮಗ್ಗಗಳ ಸದ್ದಿನಲ್ಲೇ ಆಯುಷ್ಯ ಕಳೆದಿದ್ದರಿಂದ ಎಲ್ಲಿದ್ದರೂ ಕೂಗಿಯೇ ಮಾತು. ಗುಟ್ಟು ಹೇಳಬೇಕಾದರೆ ಮಾತ್ರ ಕೈಸನ್ನೆ. ಶೆಡ್ಡಿನವರೆಲ್ಲ ಹಾಗೆಯೇ, ಅವರಿಗೆ ಕೈಸನ್ನೆಯೇ ಒಂದು ಭಾಷೆ. ಕಿರುಬೆರಳು ಅಲ್ಲಾಡಿಸಿದರೆ ಬೇಡ, ಹೆಬ್ಬೆರಳು ಮಡಚಿದರೆ ಮೇಲಿನವರು ಬಂದರು, ಹೀಗೆ. ರೈಲಿನಲ್ಲಿ ಕೂತು ಕೂತು ನಾನೂ ಅಷ್ಟಿಷ್ಟು ಕಲಿತಿದ್ದೆ. ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು.

ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಉಂಡೆ ನೂಲು. ಮಾತಾಡುತ್ತಲೇ ಎರಡು ಎಳೆ ಎಳೆದು ಒಂದೇ ಕೈಯಲ್ಲಿ, ಹೆಬ್ಬೆರಳು ತೋರುಬೆರಳಿನ ನಡುವೆ, ನೇಕಾರರ ಗಂಟು ಹಾಕುವರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತಿತ್ತು. ಆ ಗಂಟನ್ನು ಬೆರಳಿನಿಂದ ಸವರಿದರೆ ಗಂಟಿದೆ ಎಂದೇ ತಿಳಿಯದು. ಹರಿಹರದಿಂದ ದಾವಣಗೆರೆ ಮುಟ್ಟುವಷ್ಟರಲ್ಲಿ ಅವರ ಮಡಿಲಲ್ಲಿ ಗಂಟು ಗಂಟಿನ ಉದ್ದನೆಯ ದಾರ ಬಿದ್ದಿರುತ್ತಿತ್ತು. ಇಳಿಯುವಾಗ ಅದನ್ನು ಹೂ ಮಾರುವವಳಿಗೆ ಕೊಟ್ಟು ಹೋಗುವರು.

ಎಂಟೊಂಬತ್ತು ವರ್ಷದ ಹಿಂದೆ ನಮ್ಮ ಮಿಲ್ಲಿಗೂ ಜಪಾನಿನ ಒಂದು ಕಂಪನಿಗೂ ಮಾತುಕತೆಯಾಯಿತು. ಅವರು ಹೊಸ ಮಗ್ಗ ಕೊಡುವುದು, ಒಂದಿಷ್ಟು ಬಂಡವಾಳ ಹಾಕುವುದು. ನಮ್ಮವರು ಜಾಗ, ಜನ, ಹತ್ತಿ ಒದಗಿಸುವುದು. ಎರಡು ಸರಕಾರಗಳ ಒಪ್ಪಿಗೆಯೂ ಇತ್ತು. ಯುದ್ಧದಲ್ಲಿ ಸುಟ್ಟು ಎದ್ದು ನಿಂತ ದೇಶ ಒಂದು, ಈಚೆಗೆ ಸ್ವತಂತ್ರವಾದ ದೇಶ ಇನ್ನೊಂದು. ಇನ್ನು ಏಷ್ಯಾದವರೇ ಏಷ್ಯಾದವರ ಕೈ ಹಿಡಿಯಬೇಕು ಎಂದು ನಮ್ಮ ಮ್ಯಾನೇಜರರು ಒಂದು ಭಾಷಣ ಬರೆಸಿ, ನನ್ನಿಂದ ನಾಲ್ಕು ಸಲ ಟೈಪು ಮಾಡಿಸಿದರು. ನನಗೂ ಎದೆಯುಬ್ಬಿತ್ತು. ನಮ್ಮ ಊರಿನ ಹೆಸರು ಸಮುದ್ರದಾಚೆಯ ಕಾಗದಗಳಲ್ಲಿ ಬರುವುದೆಂದರೆ ಸಣ್ಣ ಮಾತೇ?

ಮೊದಲು ಹದಿನಾರು ಮಗ್ಗಗಳು ಪರೀಕ್ಷೆಗೆಂದು ಬಂದವು. ಜೊತೆಗೆ ಒಬ್ಬ ಜಪಾನಿ ಇಂಜಿನಿಯರು. ಹಳೆಯ ಮಗ್ಗದಲ್ಲಿ ನೂಲು ಕಡಿದರೆ ನೇಕಾರನೇ ನೋಡಿ ನಿಲ್ಲಿಸಬೇಕು. ಇವು ಒಂದೆಳೆ ಕಡಿದರೂ ತಾವಾಗಿಯೇ ನಿಲ್ಲುವಂಥವು. ಆ ಇಂಜಿನಿಯರು ಕುಳ್ಳಗಿನ, ಮಾತು ಕಡಿಮೆಯ ಮನುಷ್ಯ. ಹರಕು ಇಂಗ್ಲಿಷು. ನನ್ನದೂ ಅಂಥದ್ದೇ ಆದ್ದರಿಂದ ನಮ್ಮಿಬ್ಬರಿಗೆ ಹೊಂದಿಕೆಯಾಯಿತು, ದುಭಾಷಿಯ ಕೆಲಸ ನನಗೇ ಬಿತ್ತು. ಮೊದಲ ವಾರ ಮೇಸ್ತ್ರಿ ಅವನನ್ನು ದೂರದಿಂದಲೇ ಅಳೆದರು. ಒಂದು ದಿನ ಮಗ್ಗಕ್ಕೆ ಹಾಸಿನ ನೂಲು ಏರಿಸುವಾಗ ಒಂದೆಳೆ ಕಡಿಯಿತು. ಆ ಜಪಾನಿ ಎಡಗೈಯಲ್ಲಿ ಮಗ್ಗ ಹಿಡಿದುಕೊಂಡೇ ಬಲಗೈಯ ಎರಡು ಬೆರಳಲ್ಲಿ ಗಂಟು ಹಾಕಿದ. ಮೇಸ್ತ್ರಿ ಹಾಕುತ್ತಿದ್ದ ಅದೇ ಗಂಟು, ಅದೇ ತಿರುವು.

ಮೇಸ್ತ್ರಿ ಹತ್ತಿರ ಹೋಗಿ ಅವನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ನನ್ನ ಕಡೆ ತಿರುಗಿ, “ಇವನು ಸಾಹೇಬ ಅಲ್ರಿ, ನಮ್ಮೋನು,” ಎಂದು ಕೂಗಿದರು. “ಇವ್ರಪ್ಪನೂ ಮಗ್ಗದೋನೇ ಇರಬೇಕು, ಕೇಳ್ರಿ.” ಕೇಳಿದೆ. ಅಪ್ಪನಲ್ಲ, ತಾಯಿ ಮಗ್ಗದವಳಂತೆ. ಅಂದಿನಿಂದ ನನ್ನ ದುಭಾಷಿ ಕೆಲಸ ಅರ್ಧಕ್ಕಿಳಿಯಿತು. ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿಕೊಂಡು ಆರು ತಿಂಗಳಲ್ಲಿ ಹದಿನಾರು ಮಗ್ಗ ಕೂರಿಸಿದರು. ಮಧ್ಯಾಹ್ನ ಮೇಸ್ತ್ರಿ ಅವನನ್ನು ಭಟ್ಟಿಯ ಹತ್ತಿರ ಕರೆದೊಯ್ದು ಬಿಸಿ ಮಂಡಕ್ಕಿ ಕೊಡಿಸುವರು. ಅವನು ಮಂಡಕ್ಕಿಯನ್ನು ಒಂದೊಂದೇ ತಿನ್ನುತ್ತಿದ್ದ. “ಹಿಂಗೆ ತಿಂದ್ರೆ ಸೈರನ್ ಆಗೋ ತನಕ ಒಂದು ಹಿಡಿ ಮುಗಿಯಲ್ಲ ಇವ್ನಿಗೆ,” ಎಂದು ಮೇಸ್ತ್ರಿಗೆ ಎಲ್ಲಿಲ್ಲದ ನಗು.

ಆ ನಗುವನ್ನು ನಾನೇ ಕೆಡಿಸಿದೆ. ಜಪಾನಿನಿಂದ ಒಂದು ಕಾಗದ ಬಂದಿತ್ತು. ಅವರ ಕಂಪನಿಯ ಹಿರಿಯರು ಸದ್ಯದಲ್ಲೇ ಬಂದು ಪರೀಕ್ಷೆ ನೋಡುತ್ತಾರೆ, ನಿಮ್ಮ ನೇಕಾರರಿಗೆ ಇಂಥ ಮಗ್ಗ ನಡೆಸುವಷ್ಟು ಕೈಚಳಕ ಇದೆಯೇ ಎಂಬುದು ನಮಗೆ ಇನ್ನೂ ಅನುಮಾನ, ಇಲ್ಲವೆಂದಾದರೆ ಮಗ್ಗಗಳು ಬೇರೆ ಊರಿನ ಮಿಲ್ಲಿಗೆ ಹೋಗುತ್ತವೆ ಎಂದು ಅದರಲ್ಲಿತ್ತು. ರೈಲಿನಲ್ಲಿ ಬಾಯಿ ಸುಮ್ಮನಿರಲಾರದೆ ಮೇಸ್ತ್ರಿಗೆ ಹೇಳಿಬಿಟ್ಟೆ. ಅವರ ಕೈಯಲ್ಲಿದ್ದ ದಾರ ನಿಂತಿತು.

“ಅನುಮಾನ ಅಂತ ಬರ್ದಾರಾ?”

“ಹೌದು.”

“ನಮ್ಮ ಹುಡುಗ್ರ ಕೈ ನೋಡದಂಗೆ?”

ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಇಳಿಯುವಾಗ, “ನೋಡಾಣ್ರಿ,” ಎಂದಷ್ಟೇ ಅಂದರು.

ಅಲ್ಲಿಂದ ಮುಂದೆ ಹದಿನೈದು ದಿನ ಶೆಡ್ಡು ಹೆಣ್ಣು ತೋರಿಸುವ ಮನೆಯಾಯಿತು. ಗೋಡೆಗೆ ಸುಣ್ಣ. ಮಗ್ಗಗಳಿಗೆ ಸ್ನಾನ. ನೇಕಾರರಿಗೆ ಒಗೆದ ಅಂಗಿ. ಜಪಾನಿನ ಬಾವುಟ ಎಲ್ಲೂ ಸಿಗಲಿಲ್ಲವೆಂದು ಮೇಸ್ತ್ರಿ ಮನೆಯಿಂದ ಊಟದ ಗಂಗಾಳ ತಂದು, ನಮ್ಮದೇ ಬಿಳಿ ಬಟ್ಟೆಯ ಮೇಲೆ ಕವುಚಿ ಗೆರೆ ಎಳೆದು, ಬಣ್ಣದ ಖಾತೆಯ ಕೆಂಪನ್ನು ತುಂಬಿದರು. ಇಂಜಿನಿಯರು ಅದನ್ನು ನೋಡಿ ಅರೆಕ್ಷಣ ಕೈಕಟ್ಟಿ ನಿಂತಿದ್ದ.

ಪರೀಕ್ಷೆಗೆ ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯ ಒಬ್ಬ ನೇಕಾರನನ್ನು ಆರಿಸಿದರು. ಇಪ್ಪತ್ತೈದರ ಪ್ರಾಯ, ಮಿಲ್ಲಿಗೆ ಸೇರಿ ಎರಡೇ ವರ್ಷ, ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಕೈಯೋ, ಮೇಸ್ತ್ರಿಯ ನಂತರ ಅವನದೇ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮೇಸ್ತ್ರಿ ಉಗ್ರಾಣಕ್ಕೆ ಹೋಗಿ ಉದ್ದೆಳೆಯ ಒಳ್ಳೆ ಹತ್ತಿಯ ನೂಲನ್ನೇ ಹುಡುಕಿ ತೆಗೆಸಿದರು. ದಿನಾ ಮಗ್ಗಕ್ಕೆ ಏರುತ್ತಿದ್ದ ನೂಲು ಅದಲ್ಲ. ಎಳೆ ಬೇಗ ಕಡಿಯದಿರಲಿ ಎಂದು ಅದಕ್ಕೆ ಎರಡು ಪಟ್ಟು ಗಂಜಿ ಹಾಕಿಸಿದರು. ಇದು ಸರಿಯೇ ಎಂದು ನಾನು ಕೇಳಿದೆ.

“ಬೀಗ್ರು ಬರ್ತಾರೆ ಅಂದ್ರೆ ಹರಕು ಚಾಪೆ ಹಾಸ್ತಾರೇನ್ರಿ?” ಎಂದರು ಮೇಸ್ತ್ರಿ. “ಬೀಗ್ರಿಗೂ ಗೊತ್ತಿರತೈತೆ, ಇದು ದಿನಾ ಹಾಸೋ ಚಾಪೆ ಅಲ್ಲ ಅಂತ. ಅದು ಮರ್ಯಾದೆ, ಮೋಸ ಅಲ್ಲ.”

ನನಗೂ ಒಪ್ಪಿಗೆಯಾಯಿತು. ನಮ್ಮಲ್ಲಿ ಯಾರಿಗೆ ಒಪ್ಪಿಗೆಯಾಗುತ್ತಿರಲಿಲ್ಲ?

ಪರೀಕ್ಷೆ ಒಂದು ತಾಸಿನದು. ಒಬ್ಬ ನೇಕಾರ, ಹದಿನಾರು ಮಗ್ಗ. ನೂಲು ಕಡಿದು ಮಗ್ಗ ನಿಂತಾಗಲೆಲ್ಲ ಹಾಳೆಯ ಮೇಲೆ ಒಂದು ಗೀಟು ಹಾಕುವುದು ನನ್ನ ಕೆಲಸ. ಶೆಡ್ಡಿನ ಈ ತುದಿಯಲ್ಲಿ ಪೆನ್ಸಿಲು ಹಿಡಿದು ಸ್ಟೂಲಿನ ಮೇಲೆ ಕೂತಿದ್ದೆ. ಬಂದ ಹಿರಿಯರು, ಮ್ಯಾನೇಜರರು, ಇಂಜಿನಿಯರು ಆ ತುದಿಯಲ್ಲಿ, ಹಾರ ಹಾಕಿದ ಬಾವುಟಗಳ ಕೆಳಗೆ. ಮೇಸ್ತ್ರಿ ಮಗ್ಗಗಳ ಹಿಂದೆ ನೆರಳಿನ ಹಾಗೆ ಓಡಾಡುತ್ತಿದ್ದರು. ಸಾರಥಿಯವನು ಹದಿನಾರರ ನಡುವೆ ಕುಣಿದ ಎಂದೇ ಹೇಳಬೇಕು. ಆದರೂ ಎಂಥ ನೂಲಾದರೂ ನೂಲೇ. ಮೊದಲ ಎರಡು ಸಲ ಕಡಿದಾಗ ಗೀಟು ಹಾಕಿದೆ. ಮೂರನೆಯ ಸಲ ಹಿಂದಿನ ಸಾಲಿನ ಮಗ್ಗ ನಿಂತಿತು, ಮೇಸ್ತ್ರಿಯ ಬೆರಳು ಆಡಿತು, ಮಗ್ಗ ಮತ್ತೆ ಹೊರಟಿತು. ಆ ತುದಿಯವರಿಗೆ ಗೊತ್ತೇ ಆಗಲಿಲ್ಲ. ಮೇಸ್ತ್ರಿ ನನ್ನ ಕಡೆ ನೋಡಿ ಕಿರುಬೆರಳು ಅಲ್ಲಾಡಿಸಿದರು.

ನಾನು ಗೀಟು ಹಾಕಲಿಲ್ಲ. ಆಮೇಲಿನವುಗಳಿಗೂ ಹಾಕಲಿಲ್ಲ. ಅವರು ಪ್ರತಿ ಸಲ ಸನ್ನೆ ಮಾಡಬೇಕಾಗಿಯೂ ಬರಲಿಲ್ಲ.

ತಾಸು ಮುಗಿದಾಗ ಹಾಳೆಯಲ್ಲಿ ಎರಡೇ ಗೀಟು. ಬಂದವರು ಚಪ್ಪಾಳೆ ತಟ್ಟಿದರು. ಸಾರಥಿಯವನಿಗೆ ಹಾರ. ಇಂಜಿನಿಯರು ಮಾತ್ರ ಮಗ್ಗದ ನೂಲನ್ನು ಬೆರಳಿನಿಂದ ಸವರಿ, ಮೂಸಿ ನೋಡಿ, ನನ್ನ ಹತ್ತಿರ ಬಂದು, ಇದು ನೆಂಟರ ದಿನದ ನೂಲು, ನಾಳೆ ದಿನನಿತ್ಯದ ನೂಲಿನಲ್ಲಿ ಇನ್ನೊಮ್ಮೆ ನೋಡಿದರೆ ಒಳ್ಳೆಯದು ಎಂದ. ಬೇಸರವಿಲ್ಲದೆ, ನಗುತ್ತಲೇ ಹೇಳಿದ. ನಮ್ಮೂರಿನಲ್ಲೂ ಅಮೇರಿಕದವರು ಬಂದಾಗ ಹೀಗೇ ಮಾಡಿದ್ದೆವು ಎಂದೂ ಸೇರಿಸಿದ. ಅದನ್ನು ಮ್ಯಾನೇಜರರಿಗೆ ಹೇಳಿದೆ. ಅವರು, “ನಾಳೆ ಬೆಳಿಗ್ಗೆ ಗೆಸ್ಟ್‌ಗಳು ಬಾಂಬೆಗೆ ಹೊರಡ್ತಾರೆ. ರಿಸಲ್ಟ್ ಚೆನ್ನಾಗಿದೆಯಲ್ಲ, ಸಾಕು ಬಿಡ್ರಿ,” ಎಂದರು. ಅಂದೇ ಮಧ್ಯಾಹ್ನ ಸಹಿಗಳಾದವು. ತಿಂಗಳೊಳಗೆ ಇಂಜಿನಿಯರೂ ತನ್ನ ದೇಶಕ್ಕೆ ಹೋದ. ಹೋಗುವಾಗ ಮೇಸ್ತ್ರಿಗೆ ಸೊಂಟ ಬಾಗಿಸಿ ನಮಸ್ಕಾರ ಮಾಡಿದ. ಮೇಸ್ತ್ರಿ ಅವನಿಗೆ ಒಂದು ಚೀಲ ಮಂಡಕ್ಕಿ ಕೊಟ್ಟರು.

ಒಪ್ಪಂದವನ್ನು ಟೈಪು ಮಾಡಿದ್ದವನು ನಾನೇ. ಟೈಪು ಮಾಡುವವನು ಓದುವುದಿಲ್ಲ, ಅಕ್ಷರ ನೋಡುತ್ತಾನೆ. ಅದರ ನಡುವಿನ ಒಂದು ಪುಟದಲ್ಲಿ, ಪರೀಕ್ಷೆಯ ತಾಸಿನಲ್ಲಿ ನೂಲು ಆರಕ್ಕಿಂತ ಹೆಚ್ಚು ಸಲ ಕಡಿದರೆ ಒಬ್ಬ ನೇಕಾರನಿಗೆ ಎಂಟು ಮಗ್ಗ, ಆರು ಇಲ್ಲವೇ ಅದಕ್ಕಿಂತ ಕಡಿಮೆಯಾದರೆ ಹದಿನಾರು ಎಂದಿತ್ತು. ಸಹಿಯಾದ ಮೇಲೆ ಬಂದ ಹೊಸ ಮಗ್ಗಗಳನ್ನೆಲ್ಲ ಎಂಟೆಂಟರಂತೆ ಹಂಚಿದ್ದರೆ ಶೆಡ್ಡಿನ ಎಲ್ಲರೂ ಉಳಿಯುತ್ತಿದ್ದರು. ಹದಿನಾರಾದದ್ದರಿಂದ ಅರ್ಧ ಜನ ಹೆಚ್ಚಾದರು. ಕೊನೆಗೆ ಸೇರಿದವರು ಮೊದಲು ಹೊರಗೆ ಎಂಬ ನಿಯಮದಂತೆ ಪಟ್ಟಿ ತಯಾರಾಯಿತು. ಅದನ್ನೂ ನಾನೇ ಟೈಪು ಮಾಡಿದೆ. ಸಾರಥಿಯವನ ಹೆಸರು ಅದರಲ್ಲಿತ್ತು. ಹದಿನಾರು ಮಗ್ಗ ನಡೆಸಿ ತೋರಿಸಿದವನಿಗೇ ಒಂದು ಮಗ್ಗವೂ ಉಳಿಯಲಿಲ್ಲ.

ಪಟ್ಟಿ ಗೇಟಿಗೆ ಅಂಟಿದ ದಿನ ಮೇಸ್ತ್ರಿ ಕಾಲಲ್ಲಿ ಚಪ್ಪಲಿಯಿಲ್ಲದೆ ಮ್ಯಾನೇಜರರ ಕೋಣೆಗೆ ನುಗ್ಗಿದರು. ನಾನು ಒಳಗೇ ಇದ್ದೆ.

“ಸಾಹೇಬ್ರೆ, ಆವತ್ತಿನ ಪರೀಕ್ಷೆ ಸುಳ್ಳೈತ್ರಿ. ನೂಲು ಬ್ಯಾರೆ, ಗಂಜಿ ಬ್ಯಾರೆ. ಕಡಿದದ್ದನ್ನ ನಾನು ಹಿಂದಿನಿಂದ ಕಟ್ಟೀನಿ. ಮರ್ಯಾದೆಗೆ ಅಂತ ಮಾಡಿದ್ದು, ಮಂದಿ ಅನ್ನ ಹೋಗತೈತೆ ಅಂತ ಗೊತ್ತಿರಲಿಲ್ರಿ. ನನ್ನ ತೆಗೀರಿ, ಅವ್ರನ್ನ ಬ್ಯಾಡ.”

ಮ್ಯಾನೇಜರರು ನನ್ನ ಕಡೆ ತಿರುಗಿದರು. “ಶೀಟ್ ಬರೆದವ್ರು ನೀವು. ಎರಡೇ ಸಲ ಕಡಿದದ್ದಾ, ಜಾಸ್ತಿನಾ?”

ಮೇಸ್ತ್ರಿ ನನ್ನನ್ನು ನೋಡಿದರು. ಅವರು ನನ್ನ ಹೆಸರು ಎತ್ತಿರಲಿಲ್ಲ, ಕಿರುಬೆರಳಿನ ಮಾತು ಎತ್ತಿರಲಿಲ್ಲ. ನನಗೆ ಆಗ ಮದುವೆ ಗೊತ್ತಾಗಿತ್ತು. ಹೆಡ್ ಕ್ಲಾರ್ಕ್ ಆಗುವ ಮಾತೂ ಇತ್ತು. ಇವೆರಡೂ ಕಾರಣಗಳೇ ಹೊರತು ನೆಪವಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಹೇಳಿಕೊಳ್ಳುವುದಿಲ್ಲ.

“ಕಂಡದ್ದನ್ನ ಬರೆದೀನಿ ಸಾರ್,” ಎಂದೆ.

“ಕೇಳಿದ್ರಲ್ಲ ಮೇಸ್ತ್ರಿ? ನಿಮ್ಮ ಮನಸ್ಸು ಒಳ್ಳೇದು, ಜನರಿಗಾಗಿ ಹೇಳ್ತಾ ಇದ್ದೀರಿ. ಹೋಗಿ, ಕೆಲಸ ನೋಡಿ,” ಎಂದರು ಮ್ಯಾನೇಜರರು.

ಆ ದಿನ ಸಂಜೆ ರೈಲಿನಲ್ಲಿ ಅವರು ಬೇರೆ ಡಬ್ಬಿ ಹತ್ತುತ್ತಾರೆ ಎಂದುಕೊಂಡಿದ್ದೆ. ಹತ್ತಲಿಲ್ಲ. ಬಂದು ನನ್ನ ಎದುರಿಗೇ ಕೂತರು. ಬೈಯಲಿ ಎಂದು ಕಾದೆ. “ನಿಮ್ಗೂ ಮುಂದೆ ಸಂಸಾರ ಐತೆ,” ಎಂದರು, ಅದೂ ಮೊದಲ ಬಾರಿಗೆ ಮೆತ್ತಗಿನ ದನಿಯಲ್ಲಿ. ಅಷ್ಟೇ. ಆಮೇಲೆ ಎಂಟು ವರ್ಷ ದಿನವೂ ಎದುರಿಗೇ ಕೂತರು, ಮತ್ತೆ ಆ ಮಾತು ತೆಗೆಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ. ಅವರು ಅದಕ್ಕೂ ಆಸ್ಪದ ಕೊಡಲಿಲ್ಲ.

ಆದರೆ ಜೇಬಿನ ನೂಲಿನ ಉಂಡೆ ಹೋಯಿತು. ಹೂ ಮಾರುವವಳು ಕೆಲವು ದಿನ ಕೈಚಾಚಿ ಆಮೇಲೆ ಬಿಟ್ಟಳು. ಹೊಸ ಮಗ್ಗಗಳಿಗೆ ದೊಡ್ಡ ಮೇಸ್ತ್ರಿಯಾಗಿ, ಆರು ತಿಂಗಳು ಜಪಾನಿಗೆ ಹೋಗಿ ಬನ್ನಿ ಎಂದು ಮ್ಯಾನೇಜರರು ಹೇಳಿದರೆ, “ನಂಗೆ ಸಮುದ್ರ ಆಗಲ್ರಿ,” ಎಂದು ಒಲ್ಲೆಂದರು. ಅಮಾವಾಸ್ಯೆಗಳಲ್ಲಿ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಹೋಗಿ ಬರತೊಡಗಿದರು. ಅಲ್ಲಿಗೆ ಗಾಳಿ ಸೋಕಿದವರನ್ನು ಕರೆದೊಯ್ಯುತ್ತಾರೆ. ನಿಮಗೇನಾಗಿದೆ ಎಂದು ಒಬ್ಬ ಕೇಳಿದ್ದಕ್ಕೆ, “ನಂಗೆ ಹಿಡಿದಿರೋದಕ್ಕೆ ಅಜ್ಜಯ್ಯನ ಹತ್ರ ಔಷಧಿ ಐತೋ ಇಲ್ಲೋ, ಕೇಳಿ ಬರ್ತೀನಿ,” ಎಂದರಂತೆ.

ಭಾನುವಾರ ಸಾರಥಿಗೆ ಹೋಗುವರು. ಒಮ್ಮೆ ನನ್ನನ್ನೂ ಕರೆದರು, ಇಲ್ಲ ಎನ್ನಲಾಗದೆ ಹೋದೆ. ಆ ನೇಕಾರ ಯಾರದೋ ಗದ್ದೆಯಲ್ಲಿ ಕೂಲಿಗೆ ನಿಂತಿದ್ದ. ಕೆಸರಿನ ಕೈ ತೊಳೆದುಕೊಂಡು ಓಡಿ ಬಂದ. ಕೈ ದಪ್ಪಗಾಗಿತ್ತು, ಬೆರಳಿನ ಸಂದಿಗಳೆಲ್ಲ ಒಡೆದಿದ್ದವು. ಆ ಕೈಯಲ್ಲಿ ಇನ್ನು ಗಂಟು ಕೂಡುವುದಿಲ್ಲ ಎಂದು ನನಗೇ ತಿಳಿಯಿತು, ಮೇಸ್ತ್ರಿಗೆ ತಿಳಿಯದೇ ಇರುತ್ತದೆಯೇ? ಅವನು ಚಹಾ ತರಿಸಿ, ಮಕ್ಕಳನ್ನು ಕರೆದು ಕಾಲಿಗೆ ಬೀಳಿಸಿ, ಕೊನೆಗೆ ಕೇಳಿದ:

“ಮೇಸ್ತ್ರಿ, ಆವತ್ತು ನಾನು ಚೆನ್ನಾಗಿ ಓಡಿಸಿದ್ನಲ್ರಿ? ಬರೀ ಎರಡು ಸಲ. ಅವ್ರ ದೇಶದಾಗೂ ಯಾರೂ ಹಂಗೆ ಓಡಿಸಿರಲಿಲ್ಲಂತೆ.”

ಹಿಂದಿನ ಸಾಲಿನಲ್ಲಿ ಮೇಸ್ತ್ರಿ ಮಾಡಿದ್ದು ಆ ಸದ್ದಿನಲ್ಲಿ, ಆ ಓಡಾಟದಲ್ಲಿ ಅವನಿಗೂ ಗೊತ್ತಾಗಿರಲಿಲ್ಲ. ಕೆಲಸ ಹೋಗಿದ್ದರೂ ಆ ಒಂದು ತಾಸನ್ನು ಅವನು ಹೊತ್ತುಕೊಂಡಿದ್ದ.

“ಚೆನ್ನಾಗಿ ಓಡಿಸ್ದೆ ತಮ್ಮ,” ಎಂದರು ಮೇಸ್ತ್ರಿ. ವಾಪಸು ಬರುವಾಗ ದಾರಿಯಲ್ಲಿ ಒಂದು ಕಡೆ ಕೂತುಬಿಟ್ಟರು. ಮುಖಕ್ಕೆ ಟವೆಲ್ಲು ಮುಚ್ಚಿಕೊಂಡರು. ನಾನು ಹೊಳೆಯ ಕಡೆ ನೋಡುತ್ತಾ ನಿಂತಿದ್ದೆ. ಅತ್ತರೆಂದು ನನಗೆ ಗೊತ್ತು.

ಈ ವರ್ಷ ಅವರು ಕಾಯಿಲೆ ಬಿದ್ದು ಮೂರು ತಿಂಗಳು ಮಲಗಿದ್ದರು. ಎದೆಯಲ್ಲಿ ಹತ್ತಿಯ ಧೂಳು ಕೂತಿದೆ ಎಂದರು ಡಾಕ್ಟರು. ನಾನು ಎರಡು ಸಲ ಹೋಗಿ ನೋಡಿ ಬಂದೆ, ಹೆಚ್ಚು ಸಲ ಹೋಗಬೇಕಿತ್ತು. ಮಣ್ಣಾದ ದಿನ ಅವರ ಮನೆಯ ಪಡಸಾಲೆಯಲ್ಲಿ ಕೂತಾಗ ಮೂಲೆಯಲ್ಲಿ ಆ ಗಂಗಾಳ ಕಂಡಿತು. ಅಂಚಿನ ಕೆಂಪು ಬಣ್ಣ ಇಷ್ಟು ವರ್ಷ ತಿಕ್ಕಿದರೂ ಪೂರ್ತಿ ಹೋಗಿಲ್ಲ. ಸಾರಥಿಯವನೂ ಬಂದಿದ್ದ, ಗುದ್ದಲಿ ಹಿಡಿದು ಕುಣಿ ತೋಡಿದವರಲ್ಲಿ ಅವನೇ ಮೊದಲು. ಕೈಕಾಲು ತೊಳೆದು ನನ್ನ ಪಕ್ಕದಲ್ಲಿ ಬಂದು ಕೂತ.

ಮೇಸ್ತ್ರಿಯ ಹೆಂಡತಿ ನನ್ನನ್ನು ನೋಡಿ, “ಕಡೇ ಎರಡು ದಿನ ನಿಮ್ಮನ್ನೇ ಕರೆದ್ರು ತಮ್ಮಾ,” ಎಂದರು. “ಹೊದ್ದ ಚಾದರದ ಎಳೆ ಹೆಕ್ಕಿ ಹೆಕ್ಕಿ ಗಂಟು ಹಾಕ್ತಿದ್ರು. ಒಂದೊಂದು ಗಂಟಿಗೂ, ‘ಕಡೀತು, ಬರ್ಕೊಳ್ರಿ ಟೈಪಿನೋರೇ, ಕಡೀತು, ಬರ್ಕೊಳ್ರಿ’ ಅಂತಿದ್ರು. ನಿಮ್ಗೆ ಹೇಳಿ ಕಳಿಸ್ಬೇಕು ಅನ್ನಾದ್ರೊಳಗೆ ಜೀವ ಹೋತು. ಏನಪ್ಪ ಅದು?”

ಸಾರಥಿಯವನು ನನ್ನ ಮುಖ ನೋಡಿದ. “ಏನ್ರಿ ಸಾಹೇಬ್ರೆ, ಏನು ಕಡಿದದ್ದು?”

ಇನ್ನೊಂದು ಅವಕಾಶ, ಅದೇ ಪ್ರಶ್ನೆ. ಈಗ ನಾನು ಹೆಡ್ ಕ್ಲಾರ್ಕ್. ಮನೆಯಲ್ಲಿ ಸಂಸಾರವೂ ಇದೆ. ನನ್ನನ್ನು ಯಾರೂ ತೆಗೆಯುವಂತಿಲ್ಲ. ಆದರೂ ಅವನ ಒಡೆದ ಕೈ ನೋಡಿದೆ, ಅವನು ಹೊತ್ತುಕೊಂಡಿದ್ದ ಆ ತಾಸನ್ನು ನೆನೆದೆ.

“ಜ್ವರದ ಬಡಬಡಿಕೆ ಕಣಪ್ಪ,” ಎಂದೆ.

ಅವನು ತಲೆಯಾಡಿಸಿದ. ಮೇಸ್ತ್ರಿಯ ಹೆಂಡತಿಯೂ ತಲೆಯಾಡಿಸಿ ಒಳಗೆ ಹೋದರು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಿಂದ ಯಾರ ಮಗ್ಗವೂ ತಿರುಗಿ ಬರುವುದಿಲ್ಲ. ಸಾರಥಿಯವನಿಗೆ ಓದು ಬರಹ ಇಲ್ಲ, ಆದರೆ ಅವನ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಎಂದಾದರೂ ಓದಿ ಹೇಳಲಿ. ಆ ದಿನ ಸ್ಟೂಲಿನ ಮೇಲೆ ಕೂತಿದ್ದ ನಾನು ಒಂದನ್ನೂ ಬಿಡದೆ ಮನಸ್ಸಿನಲ್ಲಿ ಎಣಿಸಿದ್ದೆ. ನೂಲು ಹನ್ನೊಂದು ಸಲ ಕಡಿಯಿತು. ನಾನು ಎರಡು ಎಂದು ಬರೆದೆ.